ಧಾರೆ ಎರೆದ ಮೇಲೆ

ತುಳುವರ ಆಟಿ ತಿಂಗಳಲ್ಲಿ ಮಳೆ ಒಂದು ಗಳಿಗೆ ಹೊಳವಾಯಿತು ಎನ್ನುವಾಗ ಉಡುಪಿ ಜಿಲ್ಲೆಯ ಕಾಪು ಆಸುಪಾಸಿನ ಮನೆಗಳ ಅಂಗಳಕ್ಕೆ ಕಳೆಂಜ ಬರುತ್ತಾನೆ. ಸೊಂಟಕ್ಕೆ ತೆಂಗಿನ ಎಳೆಗರಿ, ಮುಖಕ್ಕೆ ಬಣ್ಣ, ಕೈಯಲ್ಲಿ ತಾಳೆಗರಿಯ ಕೊಡೆ. ಹಿಂದಿನಿಂದ ತೆಂಬರೆ ಬಡಿಯುತ್ತ ಪಾಡ್ದನ ಹೇಳುವವರು. ಕೊಡೆ ತಿರುಗಿಸುತ್ತ ಅವನು ಕುಣಿಯುತ್ತಿದ್ದರೆ ಮನೆಯಾಕೆ ಗೆರಸೆಯಲ್ಲಿ ಅಕ್ಕಿ, ತೆಂಗಿನಕಾಯಿ, ಉಪ್ಪು, ಮೆಣಸು, ಜೊತೆಗೊಂದಿಷ್ಟು ಅರಸಿನ, ಇದ್ದಿಲು ತಂದಿಡುತ್ತಾಳೆ. ಊರಿಗೆ ಬಂದ ಮಾರಿಯನ್ನು ಕಳೆಯುವವನು, ಅದಕ್ಕೇ ಕಳೆಂಜ ಎಂದು ಹಿರಿಯರು ಅರ್ಥ ಹೇಳುವುದುಂಟು. ಅಕ್ಕಿ ಜೋಳಿಗೆಗೆ ಬಿದ್ದ ಮೇಲೆ ಅದು ಏನಾಯಿತು, ಮಾರಿ ನಿಜವಾಗಿ ಹೋಯಿತೇ, ಹೋಗಿದ್ದರೆ ಎಷ್ಟು ಹೋಯಿತು ಎಂದು ಯಾರೂ ಕೇಳುವುದಿಲ್ಲ. ಕೇಳಿದರೆ ಮನೆಯಾಕೆಯೇ ನಗುತ್ತಾಳೆ.

ಅದೇ ಆಟಿಯಲ್ಲಿ, ಅಲ್ಲಿಂದ ಅರ್ಧ ಗಂಟೆ ದಾರಿಯ ಮಣಿಪಾಲದ ಆಸ್ಪತ್ರೆಗಳಿಗೆ ಜ್ವರದವರು ಬರುತ್ತಾರೆ. ಗದ್ದೆಯ ಕೆಸರಿನಲ್ಲಿ ಬರಿಗಾಲಲ್ಲಿ ನಿಂತವರಿಗೆ ಇಲಿ ಜ್ವರ, ಪೇಟೆಯವರಿಗೆ ಡೆಂಗಿ, ಘಟ್ಟದ ಮೇಲಿನವರಿಗೆ ಇನ್ನೊಂದು. ಅಧ್ಯಯನ ನಡೆಯುತ್ತಿರುವ ವಾರ್ಡಿನಲ್ಲಾದರೆ ಔಷಧದ ಟ್ರೇ ಹಿಡಿದ ನರ್ಸಿನ ಹಿಂದೆಯೇ ಕಾಗದದ ಪ್ಯಾಡ್ ಹಿಡಿದ ಇನ್ನೊಬ್ಬಾಕೆ ಇರುತ್ತಾಳೆ. ‘ಇದು ನಿಮ್ಮ ಚಿಕಿತ್ಸೆಗಲ್ಲ, ಸಂಶೋಧನೆಗೆ. ಮನಸ್ಸಿಲ್ಲದಿದ್ದರೆ ಬೇಡ ಅನ್ನಬಹುದು, ಚಿಕಿತ್ಸೆಗೆ ಏನೂ ಕಮ್ಮಿ ಆಗುವುದಿಲ್ಲ’ ಎಂದು ಕನ್ನಡದಲ್ಲಿ ಹೇಳಿ, ಅರ್ಥವಾಗದಿದ್ದರೆ ತುಳುವಿನಲ್ಲಿ ಹೇಳಿ, ಸಮ್ಮತಿ ಪತ್ರಕ್ಕೆ ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಿಸಿಕೊಳ್ಳುತ್ತಾಳೆ. ಒಂದಿಷ್ಟು ರಕ್ತ ಕೊಳವೆಗೆ ಇಳಿಯುತ್ತದೆ. ಕೊಳವೆಯ ಮೇಲೆ ಹೆಸರಿಲ್ಲ, ನಂಬರು ಮಾತ್ರ.

ಇಲ್ಲಿ ಕೊಟ್ಟವರು ಯಾರು? ದೆಹಲಿಯಿಂದಲೋ ಲಂಡನ್ನಿನಿಂದಲೋ ಹಣ ಕೊಟ್ಟ ಸಂಸ್ಥೆಯ ಹೆಸರು ವರದಿಯ ಮೊದಲ ಪುಟದಲ್ಲಿರುತ್ತದೆ. ಜಾಗ, ಯಂತ್ರ, ವೈದ್ಯರನ್ನು ಕೊಟ್ಟ ಕಾಲೇಜಿನ ಹೆಸರು ಅದರ ಪಕ್ಕದಲ್ಲಿ. ರಕ್ತ ಕೊಟ್ಟವನು ಒಂದು ಸಂಖ್ಯೆ. ಹೆಸರು ಬಯಸದೆ, ತನಗೆ ಏನೂ ತಿರುಗಿ ಬಾರದೆಂದು ತಿಳಿದೂ ಕೊಡುವುದನ್ನು ಗುಪ್ತದಾನ ಎನ್ನುವುದಾದರೆ ಆ ಹೆಸರಿಗೆ ಲಾಯಕ್ಕಾದವನು ಇವನೊಬ್ಬನೇ. ಆದರೆ ದಾನಿಗಳ ಫಲಕದಲ್ಲಿ ಅವನಿಗೆ ಜಾಗವಿಲ್ಲ. ಗೌಪ್ಯತೆಯ ನಿಯಮವೇ ಅದಕ್ಕೆ ಬಿಡುವುದಿಲ್ಲ.

ಉಡುಪಿ ಸೀಮೆಯಲ್ಲಿ ದಾನದ ಮಾತು ಹೊಸದಲ್ಲ. ರಥಬೀದಿಯಿಂದ ಹಿಡಿದು ಹಳ್ಳಿಯ ಗರೋಡಿಯವರೆಗೆ ಗೋಡೆಗಳ ಮೇಲೆಲ್ಲ ಕೊಟ್ಟವರ ಹೆಸರುಗಳೇ. ಆದರೆ ಆರೋಗ್ಯದ ಸಂಶೋಧನೆಗೆ, ನರ್ಸುಗಳ ತಾಲೀಮಿಗೆ, ಪ್ರಯೋಗಾಲಯದ ಸಂಬಳಕ್ಕೆ ಬರುವ ಹಣ ಆ ಗೋಡೆಗಳ ಲೆಕ್ಕಕ್ಕೆ ಸಿಗುವುದಿಲ್ಲ. ಅದರ ಹೆಸರೇ ಬೇರೆ, ಅನುದಾನ. ಸುಮ್ಮನೆ ಮಾತಿನಾಟ ಎಂದರೂ ಸರಿ, ಆ ‘ಅನು’ ದಾನದ ಬೆನ್ನ ಹಿಂದೆಯೇ ನಡೆದು ಬರುವ ಲೆಕ್ಕಪರಿಶೋಧಕನಂತೆ ಕೇಳಿಸುತ್ತದೆ.

ಎರಡಕ್ಕೂ ಇರುವ ವ್ಯತ್ಯಾಸ ಒಂದು ಸರಳ ಪ್ರಶ್ನೆಯಲ್ಲಿದೆ. ದಾನ ಮುಗಿಯುವುದು ಯಾವಾಗ? ಹಳೆಯ ಕ್ರಮದಲ್ಲಿ ಉತ್ತರ ಸುಲಭ. ಕೊಡುವವನು ಪಡೆಯುವವನ ಕೈಮೇಲೆ ನೀರು ಬಿಟ್ಟು ‘ನ ಮಮ’, ಇನ್ನು ನನ್ನದಲ್ಲ, ಎಂದರೆ ಮುಗಿಯಿತು. ಆ ನೀರಿನ ಧಾರೆ ಕನ್ನಡದಲ್ಲಿ ಮದುವೆಯ ಮುಹೂರ್ತಕ್ಕೇ ಹೆಸರಾಯಿತು, ನಿವೃತ್ತ ಮೇಷ್ಟರು ‘ವಿದ್ಯೆಯನ್ನು ಧಾರೆಯೆರೆದರು’ ಎಂಬ ಸನ್ಮಾನಪತ್ರದ ಸವಕಲು ವಾಕ್ಯಕ್ಕೂ ಇಳಿಯಿತು. ಅನುದಾನಕ್ಕೆ ಇಂಥ ಕ್ಷಣವಿಲ್ಲ. ಮಂಜೂರಾತಿ ಪತ್ರ ಬಂದ ದಿನ ಅದು ಶುರುವಾಗುತ್ತದೆ ಅಷ್ಟೆ. ಕಂತು ಕಂತಾಗಿ ಹಣ, ಕಂತಿಗೊಂದು ವರದಿ, ಕೊನೆಗೆ ಕೇಂದ್ರ ಸರಕಾರದ ಹಣಕಾಸು ನಿಯಮಾವಳಿಯ 12-ಎ ನಮೂನೆಯಲ್ಲಿ ಬಳಕೆ ಪ್ರಮಾಣಪತ್ರ. ಪ್ರಯೋಗಾಲಯಗಳಲ್ಲಿ ಅದನ್ನು ಯು.ಸಿ. ಎನ್ನುತ್ತಾರೆ. ಮಾರ್ಚ್ ತಿಂಗಳಲ್ಲಿ ‘ಯು.ಸಿ. ಹೋಯಿತಾ?’ ಎಂಬ ಪ್ರಶ್ನೆ ‘ಊಟ ಆಯಿತಾ?’ ಎಂಬುದಕ್ಕಿಂತ ಹೆಚ್ಚು ಕೇಳಿಬರುತ್ತದೆ.

ಹೀಗೆ ಲೆಕ್ಕ ಕೇಳಿ ಕೊಟ್ಟದ್ದು ದಾನವೇ ಎಂದು ಮೂಗು ಮುರಿಯುವವರಿದ್ದಾರೆ. ಅಂಥವರು ಸಾಮಾನ್ಯವಾಗಿ ಗೀತೆಯ 17ನೇ ಅಧ್ಯಾಯವನ್ನು ಮುಂದಿಡುತ್ತಾರೆ. ಅಲ್ಲಿ ದಾನ ಮೂರು ಬಗೆ. ತಿರುಗಿ ಉಪಕಾರ ಮಾಡಲಾರದವನಿಗೆ, ಕೊಡಬೇಕಾದದ್ದು ಎಂಬ ಒಂದೇ ಕಾರಣಕ್ಕೆ ಕೊಟ್ಟದ್ದು ಸಾತ್ವಿಕ. ಫಲದ ಮೇಲೆ ಕಣ್ಣಿಟ್ಟು, ಒಳಗೊಳಗೇ ಸಂಕಟಪಡುತ್ತ ಕೊಟ್ಟದ್ದು ರಾಜಸ. ತಿರಸ್ಕಾರದಿಂದ, ಹೊತ್ತು ಗೊತ್ತಿಲ್ಲದೆ, ಅಪಾತ್ರನಿಗೆ ಕೊಟ್ಟದ್ದು ತಾಮಸ. ಮೂರು ವರ್ಷದಲ್ಲಿ ಇಂತಿಷ್ಟು ಪ್ರಬಂಧ, ಇಂತಿಷ್ಟು ಮಂದಿಗೆ ತರಬೇತಿ ಎಂದು ಬರೆಸಿಕೊಂಡು ಕೊಡುವ ಅನುದಾನ ಈ ಲೆಕ್ಕದಲ್ಲಿ ರಾಜಸವೇ ಸರಿ. ಆದರೆ ಅದೇ ಅಧ್ಯಾಯ ಸಾತ್ವಿಕ ದಾನಕ್ಕೂ ಮೂರು ಪರೀಕ್ಷೆ ಇಡುತ್ತದೆ: ದೇಶ, ಕಾಲ, ಪಾತ್ರ. ಎಲ್ಲಿ, ಯಾವಾಗ, ಯಾರಿಗೆ. ಅರ್ಜಿಯನ್ನು ಒರೆಗೆ ಹಚ್ಚುವ ಪರಿಣತರ ಸಮಿತಿ ಇನ್ನೇನು ಕೇಳುತ್ತದೆ? ಈ ರೋಗ ಆ ಊರಲ್ಲಿದೆಯೇ, ಈಗ ಮಾಡಬೇಕಾದ ಕೆಲಸವೇ, ಮಾಡುವವರಿಗೆ ಯೋಗ್ಯತೆ ಇದೆಯೇ.

ತೈತ್ತಿರೀಯ ಉಪನಿಷತ್ತಿನಲ್ಲಿ ಗುರು ಶಿಷ್ಯನಿಗೆ ಕೊಡುವ ಬಗೆ ಹೇಳುವಲ್ಲಿ ಇನ್ನೂ ಸೋಜಿಗದ ಸಂಗತಿಯಿದೆ. ಶ್ರದ್ಧೆಯಿಂದ, ನಾಚಿಕೊಂಡು, ಅಂಜಿಕೊಂಡು ಕೊಡು ಎಂದು ಹೇಳುತ್ತ ಬಂದವನು ಕೊನೆಗೆ ‘ಸಂವಿತ್’ ಇಟ್ಟುಕೊಂಡು ಕೊಡು ಎನ್ನುತ್ತಾನೆ. ಸಂವಿತ್ ಎಂದರೆ ಅರಿವು. ಆ ಶಬ್ದಕ್ಕೆ ಒಪ್ಪಂದ ಎಂಬ ಅರ್ಥವೂ ಸಂಸ್ಕೃತದಲ್ಲಿ ಹಳೆಯದು. ಎರಡನೆಯ ಅರ್ಥವನ್ನು ಇಲ್ಲಿ ಹಚ್ಚುವುದು ಪಂಡಿತರಿಗೆ ರುಚಿಸಲಿಕ್ಕಿಲ್ಲ. ಆದರೂ ಅರಿವಿಲ್ಲದೆ ಕೊಟ್ಟು ಕೈತೊಳೆದುಕೊಳ್ಳುವುದನ್ನು ಉಪನಿಷತ್ತು ದೊಡ್ಡ ಗುಣವೆಂದು ಹೊಗಳಲಿಲ್ಲ ಎಂಬುದಂತೂ ಸ್ಪಷ್ಟ.

ಇನ್ನು ಶಾಸನಗಳಿಗೆ ಬಂದರೆ ಲೆಕ್ಕ ಕೇಳುವ ಗುಮಾಸ್ತರೇ ಎದುರಾಗುತ್ತಾರೆ. ಶಿಕಾರಿಪುರ ತಾಲೂಕಿನ ಬಳ್ಳಿಗಾವೆಯ ಕೋಡಿಮಠವನ್ನು 1162ರ ಶಾಸನ ವರ್ಣಿಸುವಾಗ ವೇದ, ವ್ಯಾಕರಣ, ದರ್ಶನಗಳ ಓದಿನ ತಾಣ ಎನ್ನುತ್ತದೆ, ಹಸಿದವರಿಗೆ ಅನ್ನವಿಕ್ಕುವ ಜಾಗ ಎನ್ನುತ್ತದೆ, ದಿಕ್ಕಿಲ್ಲದ ರೋಗಿಗಳಿಗೆ ಮದ್ದು ಕೊಡುವ ಸ್ಥಳ ಎಂದೂ ಹೇಳುತ್ತದೆ. ಓದು, ಊಟ, ಔಷಧ ಒಂದೇ ಸೂರಿನಡಿ. ದೇವಗಿರಿಯ ಸೇವುಣರ ಮಂತ್ರಿ ಹೇಮಾದ್ರಿ 13ನೇ ಶತಮಾನದಲ್ಲಿ ದಾನಗಳನ್ನು ಪಟ್ಟಿ ಮಾಡಿದಾಗ ಆರೋಗ್ಯದಾನಕ್ಕೂ ಜಾಗ ಕೊಟ್ಟ. ಆರೋಗ್ಯಶಾಲೆ ಕಟ್ಟಿಸಿದರೆ ಸಾಲದು, ಅದರಲ್ಲಿ ಔಷಧ ತುಂಬಿರಬೇಕು, ಗಿಡಮೂಲಿಕೆಯ ಗುಣ ಬಲ್ಲ, ಶಾಸ್ತ್ರ ತಿಳಿದ ವೈದ್ಯನಿರಬೇಕು ಎಂಬ ಪುರಾಣವಾಕ್ಯಗಳನ್ನು ಅವನು ಒಟ್ಟುಮಾಡಿದ್ದಾನೆ. ಕಟ್ಟಡ ಮುಗಿದ ದಿನ ರಿಬ್ಬನ್ ಕತ್ತರಿಸಿ ಹೊರಟುಹೋಗುವವರು ಆ ಭಾಗವನ್ನು ಓದಿದರೆ ಚೆನ್ನಾಗಿತ್ತು.

ಶಾಸನದ ದಾನ ಹಣದ ಗಂಟಾಗಿರಲಿಲ್ಲ. ಹೆಚ್ಚಾಗಿ ಗದ್ದೆ, ತೋಟ, ಇಲ್ಲವೇ ಒಂದು ಹಳ್ಳಿಯ ಹುಟ್ಟುವಳಿ. ಅವಧಿ, ಆಚಂದ್ರಾರ್ಕ: ಚಂದ್ರ ಸೂರ್ಯರಿರುವ ತನಕ. ಕೊನೆಯಲ್ಲಿ ಶಾಪ. ಇದನ್ನು ಕೆಡಿಸಿದವನಿಗೆ ವಾರಣಾಸಿಯಲ್ಲಿ ಗೋವನ್ನು ಕೊಂದ ಪಾಪ, ಅರವತ್ತು ಸಾವಿರ ವರ್ಷ ಹೇಸಿಗೆಯ ಹುಳುವಾಗಿ ಹುಟ್ಟು. ಆಡಿಟ್ ಆಕ್ಷೇಪಣೆಯ ಭಾಷೆ ಆಮೇಲೆ ಬಹಳ ಮೆತ್ತಗಾಗಿದೆ. ಅವಧಿಯೂ ಹಾಗೆಯೇ ಮೊಟಕಾಗಿ ಈಗ ಮೂವತ್ತಾರು ತಿಂಗಳಿಗೆ ಬಂದಿದೆ.

ಕಾರ್ಕಳದವರಿಗೆ ಈ ಚರ್ಚೆಯಲ್ಲಿ ಬೇರೆಯೇ ಒಂದು ದಾರಿಯುಂಟು. 1432ರಲ್ಲಿ ವೀರಪಾಂಡ್ಯ ಭೈರರಸ ಬಂಡೆಯ ನೆತ್ತಿಯ ಮೇಲೆ ನಿಲ್ಲಿಸಿದ ಬಾಹುಬಲಿ ಗೆದ್ದ ರಾಜ್ಯವನ್ನೇ ಬಿಟ್ಟವನು. ಮೈಮೇಲೆ ಒಂದು ನೂಲೆಳೆಯೂ ಇಲ್ಲ. 1586ರ ಚತುರ್ಮುಖ ಬಸದಿ ಅವನ ಎದುರಿಗಿದೆ. ಈ ಊರಿನ ಜೈನ ಮನೆಗಳಲ್ಲಿ ಮಕ್ಕಳಿಗೂ ಬಾಯಿಪಾಠವಾಗಿರುವುದು ನಾಲ್ಕು ದಾನ: ಆಹಾರ, ಅಭಯ, ಔಷಧ, ಶಾಸ್ತ್ರ. ಆರೋಗ್ಯ ಸಂಶೋಧನೆ, ಸಿಬ್ಬಂದಿಯ ತರಬೇತಿ ಎಂದು ಇಂದು ಅರ್ಜಿಯಲ್ಲಿ ಬರೆಯುವುದೆಲ್ಲ ಕಡೆಯ ಎರಡು ದಾನಗಳ ಬೆಸುಗೆಯೇ. ಔಷಧ ದಾನ ಒಬ್ಬನ ಕಾಯಿಲೆಗೆ. ಶಾಸ್ತ್ರದಾನ ಅಂಥ ಔಷಧವನ್ನು ಅರಿಯುವವರನ್ನು ಹುಟ್ಟಿಸುವುದಕ್ಕೆ. ಹತ್ತನೆಯ ಶತಮಾನದ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರೆಸಿ ಹಂಚಿ ದಾನಚಿಂತಾಮಣಿ ಎನ್ನಿಸಿಕೊಂಡಳು. ಸಾವಿರ ಪ್ರತಿ ಎಂದರೆ ಎಷ್ಟೊಂದು ತಾಳೆಗರಿ, ಎಷ್ಟೊಂದು ಲಿಪಿಕಾರರ ಕೂಲಿ. ಹೊಗಳುವವರು ಗ್ರಂಥವನ್ನು ನೆನೆಯುತ್ತಾರೆ, ಕೂಲಿಯನ್ನು ನೆನೆಯುವುದಿಲ್ಲ.

ಉಡುಪಿಗೆ ಬಂದರೆ, ಅನುದಾನದ ಚಕ್ರ ಹೇಗೆ ತಿರುಗುತ್ತದೆಂದು ಯಾವ ವಿಜ್ಞಾನಿಗೂ ಹೇಳಿಕೊಡಬಲ್ಲ ವ್ಯವಸ್ಥೆ ರಥಬೀದಿಯಲ್ಲೇ ಇದೆ. ಪರ್ಯಾಯ. ಎರಡು ತಿಂಗಳಿಗೊಮ್ಮೆ ಮಠದಿಂದ ಮಠಕ್ಕೆ ದಾಟುತ್ತಿದ್ದ ಕೃಷ್ಣಪೂಜೆಯ ಸರದಿಯನ್ನು ವಾದಿರಾಜರು ಎರಡು ವರ್ಷಕ್ಕೆ ಏರಿಸಿದರೆಂಬುದು ಸಂಪ್ರದಾಯ. ಎಂಟು ಮಠ, ಎರಡೆರಡು ವರ್ಷ, ಒಮ್ಮೆ ಬಿಟ್ಟುಕೊಟ್ಟ ಮಠ ಮತ್ತೆ ಪೀಠ ಏರುವುದಕ್ಕೆ ಹದಿನಾಲ್ಕು ವರ್ಷ ಕಾಯಬೇಕು. 2024ರ ಜನವರಿ 18ರಂದು ಪುತ್ತಿಗೆ ಮಠ ಪೀಠವೇರಿತು, 2026ರಲ್ಲಿ ಶೀರೂರು ಮಠದ ಸರದಿ. ಕೃಷ್ಣನ ಪೂಜೆಯಷ್ಟೇ ದೊಡ್ಡ ಹೊಣೆ ದಿನವೂ ಸಾವಿರಾರು ಎಲೆಗೆ ಬಡಿಸುವುದು. ಅದಕ್ಕೆ ಒಂದು ವರ್ಷ ಮೊದಲೇ ಬಾಳೆ ಮುಹೂರ್ತ: ಊಟದ ಎಲೆಗೆ ಬೇಕಾದ ಬಾಳೆಯನ್ನು ಈಗಲೇ ನೆಡಬೇಕು. ಆಮೇಲೆ ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತ, ಭತ್ತದ ಮುಹೂರ್ತ. ಪರ್ಯಾಯ ಹತ್ತಿರವಾದಂತೆ ಊರೂರುಗಳಿಂದ ಲಾರಿ, ಟೆಂಪೋಗಳಲ್ಲಿ ಹೊರೆಕಾಣಿಕೆಯ ಮೆರವಣಿಗೆ. ಅಕ್ಕಿ ಮುಡಿ, ತೆಂಗಿನಕಾಯಿ, ಸಿಹಿಗುಂಬಳ, ಬೆಲ್ಲ. ಒಂದು ಊರಿನ ಹೊರೆ ಇನ್ನೊಂದಕ್ಕಿಂತ ಕಮ್ಮಿಯಾಗಬಾರದೆಂಬ ಸಣ್ಣ ಪೈಪೋಟಿಯೂ ಇರುತ್ತದೆ, ಇರಲಿ.

ಇಲ್ಲಿನ ತತ್ತ್ವ ಪಾಜಕದಲ್ಲಿ ಹುಟ್ಟಿದ ಮಧ್ವರದು. ಸ್ವತಂತ್ರ ಹರಿಯೊಬ್ಬನೇ, ಉಳಿದೆಲ್ಲ ಪರತಂತ್ರ. ಜೀವನೇ ಪರಾಧೀನ ಎಂದ ಮೇಲೆ ಅವನ ಚೀಲದ ಅಕ್ಕಿ ಅವನದಾಗುವುದು ಹೇಗೆ? ಕೊಡುವವನು ಇನ್ನೊಬ್ಬನ ಒಡವೆಯನ್ನು ದಾಟಿಸುವವನು ಅಷ್ಟೆ. ‘ನ ಮಮ’ ಎನ್ನುವುದು ಇಲ್ಲಿ ತ್ಯಾಗದ ಮಾತಲ್ಲ, ವಸ್ತುಸ್ಥಿತಿಯ ವರದಿ. ಈ ನೋಟದಲ್ಲಿ ಲೆಕ್ಕ ಕೊಡುವುದು ಅವಮಾನವೇ ಅಲ್ಲ. ನಂಬಿ ಕೊಟ್ಟ ಒಡೆಯನಿಗೆ ಒಕ್ಕಲು ಲೆಕ್ಕ ಒಪ್ಪಿಸದೆ ಇರುತ್ತಾನೆಯೇ? ಪರ್ಯಾಯದ ಬೆಳಗಿನ ಜಾವ ಇಳಿಯುವ ಸ್ವಾಮಿಗಳು ಏರುವವರ ಕೈಗೆ ಕೊಡುವುದು ಅಕ್ಷಯ ಪಾತ್ರೆ, ಸಟ್ಟುಗ, ಗರ್ಭಗುಡಿಯ ಕೀಲಿಕೈ. ಪಾತ್ರೆಗೆ ಅಕ್ಷಯ ಎಂದು ಹೆಸರು, ತುಂಬುವ ಕೆಲಸ ಮಾತ್ರ ಹೊಸಬರದು. ಮೂರನೆಯ ವರ್ಷದ ಕೊನೆಗೆ ಖಾಲಿ ಕೈಯಲ್ಲಿ ನಿಂತು ಮುಂದಿನ ಅನುದಾನಕ್ಕೆ ಅರ್ಜಿ ಬರೆಯುವ ಸಂಶೋಧಕರಿಗೆ ಈ ದೃಶ್ಯ ಚೆನ್ನಾಗಿ ಅರ್ಥವಾಗಬೇಕು.

ದುಡ್ಡಿನ ವಿಷಯದಲ್ಲಿ ಉಡುಪಿಯ ಬುದ್ಧಿ ಹರಿದದ್ದು ಇನ್ನೂ ಸಣ್ಣ ಮೊತ್ತಗಳ ಕಡೆಗೆ. 1906ರಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಗೆಳೆಯರನ್ನು ಕಟ್ಟಿಕೊಂಡು ಇಲ್ಲಿ ತೆರೆದ ಬ್ಯಾಂಕು ಮುಂದೆ ಕಾರ್ಪೊರೇಷನ್ ಬ್ಯಾಂಕಾಯಿತು. ಮೊದಲ ದಿನ ಸೇರಿದ ಹಣ 38 ರೂಪಾಯಿ 13 ಆಣೆ 2 ಪೈ. 1925ರಲ್ಲಿ 8,000 ರೂಪಾಯಿ ಬಂಡವಾಳದಲ್ಲಿ ಹುಟ್ಟಿದ್ದು ಸಿಂಡಿಕೇಟ್ ಬ್ಯಾಂಕು. ಅದನ್ನು ಕಟ್ಟಿದ ಮೂವರಲ್ಲಿ ಒಬ್ಬರಾದ ಟಿ.ಎಂ.ಎ. ಪೈ ವೃತ್ತಿಯಲ್ಲಿ ಡಾಕ್ಟರು. 1928ರಲ್ಲಿ ಬಂದ ಪಿಗ್ಮಿ ಠೇವಣಿ ದಿನಕ್ಕೆ ಎರಡಾಣೆಯಿಂದ ಶುರು. ಬ್ಯಾಂಕಿನವನೇ ಮನೆ ಬಾಗಿಲಿಗೆ ಬಂದು ಮೀನು ಮಾರುವವಳಿಂದ, ಬೀಡಿ ಕಟ್ಟುವವಳಿಂದ, ಗೂಡಂಗಡಿಯವನಿಂದ ಚಿಲ್ಲರೆ ಎತ್ತಿ ಪುಸ್ತಕದಲ್ಲಿ ಬರೆದುಕೊಡುತ್ತಿದ್ದ. ಈ ಎರಡೂ ಬ್ಯಾಂಕುಗಳು 2020ರ ಏಪ್ರಿಲ್ 1ರಂದು, ಒಂದೇ ದಿನ, ಬೇರೆ ಬ್ಯಾಂಕುಗಳಲ್ಲಿ ಕರಗಿಹೋದವು. ಆ ದಿನ ಲಾಕ್‌ಡೌನು. ಉಡುಪಿಯ ಬೀದಿಯಲ್ಲಿ ಅದನ್ನು ನೋಡುವುದಕ್ಕೂ ಯಾರೂ ಇರಲಿಲ್ಲ.

ಇದೇ ಉಡುಪಿಯಲ್ಲಿ 1923ರಲ್ಲಿ ಸ್ವಿಟ್ಜರ್ಲೆಂಡಿನ ಡಾ. ಇವಾ ಲೊಂಬಾರ್ಡ್ ಹೆಂಗಸರು ಮಕ್ಕಳಿಗಾಗಿ ಆಸ್ಪತ್ರೆ ತೆರೆದರು. ಇವತ್ತಿಗೂ ಅದು ಜನರ ಬಾಯಲ್ಲಿ ಮಿಶನ್ ಆಸ್ಪತ್ರೆ. ಅದರ ಹಿಂದಿದ್ದ ಬಾಸೆಲ್ ಮಿಶನ್ನಿಗೆ ಹಣ ಬರುತ್ತಿದ್ದದ್ದು ಎಲ್ಲಿಂದ? ದೊಡ್ಡ ಸಾಹುಕಾರರು ಇದ್ದರು, ನಿಜ. ಆದರೆ 19ನೇ ಶತಮಾನದ ನಡುವಿನಿಂದ ಅವರು ನಡೆಸಿದ್ದ ‘ಅರ್ಧ ಬಾಟ್ಸೆನ್’ ಸಂಗ್ರಹವೇ ಬೇರೆ ತರ. ಬಾಟ್ಸೆನ್ ಹಳೆಯ ಸ್ವಿಸ್ ಬಿಲ್ಲೆ. ಅದರ ಅರ್ಧದಷ್ಟನ್ನು ಬಡ ರೈತರು, ಮನೆಗೆಲಸದ ಹೆಂಗಸರು ವಾರಕ್ಕೊಮ್ಮೆ ಕೊಡುತ್ತಿದ್ದರು, ಎತ್ತುವವರು ಮನೆಮನೆಗೆ ಬರುತ್ತಿದ್ದರು. ಪಿಗ್ಮಿಗಿಂತ ಎಷ್ಟೋ ದಶಕ ಹಿಂದಿನ ಪಿಗ್ಮಿ ಎನ್ನಬಹುದು. ಉಡುಪಿಯ ಬಾಣಂತಿಯ ಮುಖ ಆಲ್ಪ್ಸ್ ಬುಡದ ಆ ಹೆಂಗಸಿಗೆ ಗೊತ್ತಿರುವ ಹಾಗೇ ಇಲ್ಲ. ಆ ಬಿಲ್ಲೆಯ ಜೊತೆ ಮತಪ್ರಚಾರದ ಆಸೆಯೂ ಬಂದದ್ದು ಸುಳ್ಳಲ್ಲ. ಗೀತೆಯ ತಕ್ಕಡಿಯಲ್ಲಿಟ್ಟರೆ ರಾಜಸದ ತೂಕ ಸ್ವಲ್ಪ ಬಿದ್ದೀತು. ಅಲ್ಲಿ ಬದುಕಿಕೊಂಡ ಬಾಣಂತಿಯರ ಮನೆಯವರು ಆ ತಕ್ಕಡಿಯನ್ನು ಕೇಳಿದಂತೆ ಕಾಣುವುದಿಲ್ಲ.

ಪೈಯವರ ಮುಂದಿನ ಹೆಜ್ಜೆ ಇದಕ್ಕಿಂತ ತೊಡಕಿನದು. 1953ರಲ್ಲಿ ಮಣಿಪಾಲದ ಬೋಳುಗುಡ್ಡದ ಮೇಲೆ ಅವರು ಕಸ್ತೂರ್ಬಾ ಮೆಡಿಕಲ್ ಕಾಲೇಜು ತೆರೆದಾಗ ಖಾಸಗಿಯವರು ಸ್ವಂತ ಹಣದಲ್ಲಿ ವೈದ್ಯಕೀಯ ಕಾಲೇಜು ನಡೆಸುವುದು ದೇಶದಲ್ಲೇ ಹೊಸತು. ಸರಕಾರದ ಬೊಕ್ಕಸದ ಆಸರೆಯಿಲ್ಲ, ಓದುವವರ ಮನೆಯವರೇ ಖರ್ಚು ಹೊರಬೇಕು. ರೋಗಿಗಳ ಬಳಿ ಕಲಿಯಲು ಹುಡುಗರು ಮಂಗಳೂರಿನ ಸರಕಾರಿ ವೆನ್‌ಲಾಕ್ ಆಸ್ಪತ್ರೆಗೆ ಹೋದರು. ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆ ಬಂದದ್ದು 1961ರಲ್ಲಿ. ಕಾಲೇಜೇನೋ ನಿಂತಿತು, ಬೆಳೆಯಿತು. ಅದರ ದಾರಿ ಹಿಡಿದು ನಾಡಿನ ತುಂಬ ಎದ್ದ ಖಾಸಗಿ ಕಾಲೇಜುಗಳ ಕಾಲದಲ್ಲಿ ಕನ್ನಡಕ್ಕೊಂದು ವಿಚಿತ್ರ ಶಬ್ದವೂ ಬಂತು: ಡೊನೇಶನ್. ಇಂಗ್ಲಿಷಿನಲ್ಲಿ ಅದಕ್ಕೆ ದಾನವೆಂದೇ ಅರ್ಥ. ಇಲ್ಲಿ ‘ಡೊನೇಶನ್ ಎಷ್ಟು?’ ಎಂದರೆ ಸೀಟಿನ ಬೆಲೆ ಎಷ್ಟು ಎಂದು. ದಾನ ಎನ್ನುವ ಮಾತಿಗೆ ಬೆಲೆ ಎಂಬ ಅರ್ಥ ಅಂಟಿದ್ದನ್ನು ಯಾವ ಧರ್ಮಶಾಸ್ತ್ರಿಯೂ ಊಹಿಸಿರಲಾರ.

ಈ ಗೊಂದಲ ಕೊನೆಗೆ ನ್ಯಾಯಾಲಯದ ಕಟ್ಟೆ ಹತ್ತಿತು. ಡೊನೇಶನ್ನಿಗೆ ಕಾನೂನು ಇಟ್ಟ ಹೆಸರು ಕ್ಯಾಪಿಟೇಶನ್ ಶುಲ್ಕ; ಕರ್ನಾಟಕ ಅದನ್ನು 1984ರ ಕಾನೂನಿನಲ್ಲಿ ನಿಷೇಧಿಸಿತು, 1992ರ ಮೋಹಿನಿ ಜೈನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅದನ್ನು ಅಕ್ರಮ ಎಂದಿತು. 2002ರ ಅಕ್ಟೋಬರ್ 31ರಂದು ಹನ್ನೊಂದು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟ ಮೊಕದ್ದಮೆಯ ಹೆಸರಲ್ಲೇ ಮಣಿಪಾಲವಿದೆ: ಟಿ.ಎಂ.ಎ. ಪೈ ಫೌಂಡೇಶನ್ ವಿರುದ್ಧ ಕರ್ನಾಟಕ ಸರಕಾರ. ಶಿಕ್ಷಣ ಸಂಸ್ಥೆ ನಡೆಸುವುದು ವ್ಯಾಪಾರವೋ ಧರ್ಮಕಾರ್ಯವೋ? ಪೀಠ ಹೇಳಿದ್ದು ಮಧ್ಯದ ಮಾತು. ಅದೊಂದು ವೃತ್ತಿ, ನಡೆಸುವ ಹಕ್ಕುಂಟು. ಆದರೆ ಮೂಲತಃ ಧರ್ಮಕಾರ್ಯ, ಆದ್ದರಿಂದ ಲಾಭಕೋರತನ ಸಲ್ಲ. ಬೆಳವಣಿಗೆಗೆ ಬೇಕಾದಷ್ಟು ಮಿಗತೆ ಇರಬಹುದು. ಎಷ್ಟು ಮಿಗತೆಯಾದರೆ ಧರ್ಮ, ಎಷ್ಟನ್ನು ದಾಟಿದರೆ ದಂಧೆ? ಹನ್ನೊಂದು ಜನ ಕೂತರೂ ಅದಕ್ಕೆ ಅಳತೆಗೋಲು ಕೊಡಲಾಗಲಿಲ್ಲ. ಕೊಡಬೇಕಿತ್ತು ಎನ್ನುವುದೂ ಕಷ್ಟ.

ಕಾಪುವಿನಲ್ಲಿ ಹುಟ್ಟಿದ ಬಿ.ಆರ್. ಶೆಟ್ಟಿಯವರ ಕತೆ ಇದೇ ಪ್ರಶ್ನೆಯನ್ನು ಇನ್ನೊಂದು ಮಗ್ಗುಲಿಂದ ಕೆದಕುತ್ತದೆ. ಔಷಧ ಮಾರುವ ಕೆಲಸ ಹುಡುಕಿಕೊಂಡು ಅಬುಧಾಬಿಗೆ ಹೋದವರು 1975ರಲ್ಲಿ ಎನ್‌ಎಂಸಿ ಎಂಬ ಚಿಕಿತ್ಸಾಲಯ ಕಟ್ಟಿ, ಅದನ್ನು 2012ರಲ್ಲಿ ಲಂಡನ್ ಷೇರುಪೇಟೆಯವರೆಗೆ ಒಯ್ದರು. ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಹಿಂದೆ ಆಸ್ಪತ್ರೆಗೆಂದು ಕೊಟ್ಟಿದ್ದ ಜಾಗದಲ್ಲಿ ಸರಕಾರದೊಡನೆ ಒಪ್ಪಂದ ಮಾಡಿಕೊಂಡು 2017ರಲ್ಲಿ 200 ಹಾಸಿಗೆಯ ತಾಯಿ ಮತ್ತು ಮಕ್ಕಳ ಆಸ್ಪತ್ರೆ ಕಟ್ಟಿಸಿದರು. ತಂದೆತಾಯಿಯ ಹೆಸರಿನ ಜೊತೆ ಸಾಹೇಬರ ಹೆಸರನ್ನೂ ಸೇರಿಸಿ ‘ಕೂಸಮ್ಮ ಶಂಭು ಶೆಟ್ಟಿ ಸ್ಮಾರಕ ಹಾಜಿ ಅಬ್ದುಲ್ಲಾ ಆಸ್ಪತ್ರೆ’ ಎಂದರು. ಹೆರಿಗೆ, ಚಿಕಿತ್ಸೆ ಎಲ್ಲ ಉಚಿತ. 2019ರ ಡಿಸೆಂಬರಿನಲ್ಲಿ ಒಂದು ಹೂಡಿಕೆ ಸಂಸ್ಥೆ ಎನ್‌ಎಂಸಿಯ ಲೆಕ್ಕಪತ್ರಗಳ ಮೇಲೆ ಸಂಶಯ ಎತ್ತಿತು. 2020ರ ಏಪ್ರಿಲಿನಲ್ಲಿ ಕಂಪೆನಿ ಆಡಳಿತಗಾರರ ಕೈಸೇರಿತು. ಅಲ್ಲಿನ ನಡುಕ ಉಡುಪಿಗೆ ತಲುಪಲು ತಡವಾಗಲಿಲ್ಲ. ಸಿಬ್ಬಂದಿಗೆ ಸಂಬಳ ನಿಂತಿತು, ಅವರು ಆಸ್ಪತ್ರೆಯ ಎದುರು ಧರಣಿ ಕೂತರು, ಕೊನೆಗೆ ಸರಕಾರವೇ ಆಸ್ಪತ್ರೆಯನ್ನು ವಹಿಸಿಕೊಂಡಿತು.

ಸಾಹೇಬರು ಕೊಟ್ಟದ್ದು ನೆಲ. ಕೊಟ್ಟವರು 1935ರಲ್ಲಿ ತೀರಿಕೊಂಡರೂ ನೆಲ ಉಳಿಯಿತು. ಶೆಟ್ಟಿಯವರು ಹೊತ್ತದ್ದು ತಿಂಗಳು ತಿಂಗಳ ಖರ್ಚು. ಅದು ಕೊಡುವವನ ಕಿಸೆಗೆ ಕಟ್ಟಿದ ಹಗ್ಗ. ಕಿಸೆ ಹರಿದರೆ ವಾರ್ಡಿನ ನರ್ಸಿಗೆ ಸಂಬಳವಿಲ್ಲ. ಇದರಲ್ಲಿ ಯಾರ ಮನಸ್ಸು ಸಾತ್ವಿಕ, ಯಾರದು ರಾಜಸ ಎಂದು ಅಳೆಯುತ್ತ ಕೂತರೆ ಊರಿಗೆ ಏನೂ ತಿಳಿಯುವುದಿಲ್ಲ. ದಾನವನ್ನು ಯಾವ ರೂಪದಲ್ಲಿ ಕೊಟ್ಟರು ಎಂಬುದು ಹೆಚ್ಚು ತಿಳಿಸುತ್ತದೆ.

ಇವತ್ತಿನ ಅನುದಾನಗಳ ಪೇಟೆ ದೊಡ್ಡದು. 1911ರಲ್ಲಿ ಸಂಶೋಧನಾ ನಿಧಿ ಸಂಘವಾಗಿ ಶುರುವಾಗಿ 1949ರಲ್ಲಿ ಹೆಸರು ಬದಲಿಸಿಕೊಂಡ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಐಸಿಎಂಆರ್, ಅಲ್ಲಿ ಹಿರಿಯಕ್ಕ. ಎಂಬಿಬಿಎಸ್ ಹುಡುಗರಿಗೂ ಎರಡು ತಿಂಗಳ ಸಂಶೋಧನೆಗೆ 1979ರಿಂದ ಅದು ಪುಟ್ಟ ವೇತನ ಕೊಡುತ್ತ ಬಂದಿದೆ. ಈ ಬರಹದಲ್ಲಿ ಬರುವ ದಾನಗಳಲ್ಲಿ ಎರಡಾಣೆ ಪಿಗ್ಮಿಗೆ ತೀರ ಹತ್ತಿರದ್ದು ಇದೇ. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ ಮತ್ತು ಬ್ರಿಟನ್ನಿನ ವೆಲ್‌ಕಮ್ ಟ್ರಸ್ಟ್ 2008ರಲ್ಲಿ ಕೂಡಿ ಕಟ್ಟಿದ ಇಂಡಿಯಾ ಅಲೈಯನ್ಸ್ ಇದೆ. ಅದರ ಬ್ರಿಟಿಷ್ ಪಾಲಿನ ಬೇರು 1936ರಲ್ಲಿ ತೀರಿಕೊಂಡ ಔಷಧ ವ್ಯಾಪಾರಿಯೊಬ್ಬನ ಉಯಿಲಿನಲ್ಲಿದೆ. ಅದೂ ಒಂದು ತರದ ಆಚಂದ್ರಾರ್ಕ. ದೊಡ್ಡ ಕಂಪೆನಿಗಳು ಲಾಭದ ಶೇ. 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕೆಂದು 2013ರ ಕಂಪೆನಿ ಕಾಯ್ದೆ ಹೇಳಿತು: ಕಾನೂನಿನ ಅಂಜಿಕೆಯಿಂದ ಕೊಡುವ ದಾನ. ಅಂಜಿಕೊಂಡು ಕೊಡು ಎಂದ ಉಪನಿಷತ್ತಿನ ಮನಸ್ಸಿನಲ್ಲಿ ಇದ್ದದ್ದು ಈ ಅಂಜಿಕೆ ಅಲ್ಲದಿರಬಹುದು.

ವಿದೇಶದ ಹಣಕ್ಕೆ ಬೇರೆ ಬಾಗಿಲು. ವಿದೇಶಿ ದೇಣಿಗೆ ಕಾಯ್ದೆಯ 2020ರ ತಿದ್ದುಪಡಿಯ ಮೇಲೆ ಅದು ಮೊದಲು ದೆಹಲಿಯ ಸ್ಟೇಟ್ ಬ್ಯಾಂಕಿನ ಒಂದೇ ಶಾಖೆಗೆ ಬಂದಿಳಿಯಬೇಕು, ಪಡೆದವರು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ, ಆಡಳಿತ ಖರ್ಚು ಶೇ. 20 ಮೀರುವಂತಿಲ್ಲ. ಬಾಸೆಲ್ಲಿನ ಅರ್ಧ ಬಾಟ್ಸೆನ್ ಈಗ ಹೊರಟಿದ್ದರೆ ಉಡುಪಿ ಮುಟ್ಟುವ ಹೊತ್ತಿಗೆ ಬಾಣಂತಿಯ ಮಗು ಶಾಲೆಗೆ ಸೇರಿರುತ್ತಿತ್ತು ಎಂದು ತಮಾಷೆ ಮಾಡಬಹುದು. ಆದರೆ ಗಡಿ ದಾಟಿ ಬರುವ ದುಡ್ಡಿನ ಬೆನ್ನಿಗೆ ಏನೇನು ಬರುತ್ತದೆಂದು ಕೇಳುವ ಹಕ್ಕು ಪಡೆಯುವವನಿಗೂ ಉಂಟು. ಎಂಥವನಿಂದ ದಾನ ಹಿಡಿಯಬೇಕು, ಎಂಥವನಿಂದ ಹಿಡಿಯಬಾರದು ಎಂದು ಧರ್ಮಶಾಸ್ತ್ರಗಳು ಪ್ರತಿಗ್ರಹದ ಮೇಲೆ ಪುಟಗಟ್ಟಲೆ ಬರೆದಿರುವುದು ಸುಮ್ಮನೆ ಅಲ್ಲ.

ಫಲದ ಪ್ರಶ್ನೆಗೆ ಬರುವಾಗ ಎರಡು ಜ್ವರಗಳ ಕತೆ ಕೇಳಬೇಕು. 1952ರಲ್ಲಿ ರಾಕ್‌ಫೆಲರ್ ಪ್ರತಿಷ್ಠಾನ ಮತ್ತು ಐಸಿಎಂಆರ್ ಸೇರಿ ಪುಣೆಯಲ್ಲಿ ವೈರಸ್ ಸಂಶೋಧನಾ ಕೇಂದ್ರ ತೆರೆದವು. ಸೊಳ್ಳೆ, ಉಣ್ಣೆಗಳಿಂದ ಹರಡುವ ವೈರಸ್ಸುಗಳ ಹುಡುಕಾಟ ಅದರ ಕೆಲಸ. 1957ರಲ್ಲಿ ಕಾರ್ಕಳದಿಂದ ಘಟ್ಟ ಹತ್ತಿದರೆ ಸಿಗುವ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಜನ ಜ್ವರಕ್ಕೆ ಬಿದ್ದರು. ಹಳದಿ ಜ್ವರ ಭಾರತಕ್ಕೆ ಬಂತೋ ಎಂದು ಪುಣೆಯವರು ಧಾವಿಸಿದರು. ಸಿಕ್ಕಿದ್ದು ಲೋಕಕ್ಕೇ ಹೊಸದಾದ ವೈರಸ್, ಇಂದಿನ ಮಂಗನ ಕಾಯಿಲೆ. ಅದಕ್ಕೆ ಐದು ವರ್ಷ ಹಿಂದೆ, ಕೇಂದ್ರ ತೆರೆದಾಗ, ಯಾವ ಅರ್ಜಿಯಲ್ಲೂ ಕ್ಯಾಸನೂರು ಎಂದು ಬರೆಯುವುದು ಸಾಧ್ಯವಿರಲಿಲ್ಲ.

ಎರಡನೆಯದು ಮಣಿಪಾಲದ್ದೇ. 2014ರಿಂದ ಇಲ್ಲಿನ ವೈರಸ್ ಸಂಶೋಧನಾ ಕೇಂದ್ರ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ ನೆರವಿನಿಂದ ಹಲವು ರಾಜ್ಯಗಳ ಆಸ್ಪತ್ರೆಗಳಲ್ಲಿ ಸುಮ್ಮನೆ ಜ್ವರಗಳನ್ನು ಎಣಿಸುತ್ತ, ಅವುಗಳ ಮೂಲ ಹುಡುಕುತ್ತ ಬಂದಿತ್ತು. ಇಲಿ ಜ್ವರ, ಡೆಂಗಿ, ಉಣ್ಣೆ ಜ್ವರ: ಬೇಸರ ಹುಟ್ಟಿಸುವಷ್ಟು ದಿನನಿತ್ಯದ ಕೆಲಸ. 2018ರ ಮೇ ತಿಂಗಳಲ್ಲಿ ಕೋಯಿಕ್ಕೋಡಿನ ಆಸ್ಪತ್ರೆಯೊಂದರ ವೈದ್ಯರಿಗೆ ಒಂದೇ ಮನೆಯವರ ಜ್ವರ ವಿಚಿತ್ರವಾಗಿ ಕಂಡು ಮಾದರಿಗಳನ್ನು ಮಣಿಪಾಲಕ್ಕೆ ಕಳಿಸಿದರು. ಡಾ. ಜಿ. ಅರುಣ್‌ಕುಮಾರ್ ಅವರ ತಂಡ ನಿಪಾ ಎಂದು ಗುರುತಿಸಿತು, ಪುಣೆ ಅದನ್ನು ಖಚಿತಪಡಿಸಿತು. ಕೇರಳಕ್ಕೆ ಆ ವೈರಸ್ ಹೊಸತು. ಜ್ವರ ಎಣಿಸುವ ಅಭ್ಯಾಸವಿದ್ದ ಕೈಗಳು ಅಷ್ಟು ಹೊತ್ತಿಗೆ ಅಲ್ಲಿ ಇದ್ದವು ಎಂಬುದೇ ದೊಡ್ಡದು. ಯಂತ್ರವನ್ನು ವಾರದಲ್ಲಿ ತರಿಸಬಹುದು, ಕೈಗಳನ್ನು ತರಿಸಲಾಗುವುದಿಲ್ಲ.

ಅನುದಾನದ ಬಜೆಟ್ಟಿನಲ್ಲಿ ಎಲ್ಲಕ್ಕಿಂತ ಮೊದಲು ಒಣಗುವ ಸಾಲು ಕೂಡ ಈ ಕೈಗಳದೇ. ಯಂತ್ರ ಕಾಲೇಜಿನ ಆಸ್ತಿಯಾಗಿ ಉಳಿಯುತ್ತದೆ, ಪ್ರಬಂಧ ಪ್ರಾಧ್ಯಾಪಕರ ಹೆಸರಿನಲ್ಲಿ. ಮನೆಮನೆಗೆ ನಡೆದ ಹುಡುಗಿ, ಕೊಳವೆಗಳಿಗೆ ನಂಬರು ಹಚ್ಚಿದ ಟೆಕ್ನಿಶಿಯನ್ನು ‘ಪ್ರಾಜೆಕ್ಟ್ ಸ್ಟಾಫ್’. ಅವಧಿ ಮುಗಿದ ದಿನ ಗುರುತಿನ ಚೀಟಿ ಹಿಂದಿರುಗಿಸಬೇಕು. ಕಲಿತ ವಿದ್ಯೆಯನ್ನು ಮಾತ್ರ ಹಿಂದಿರುಗಿಸಿಕೊಳ್ಳುವ ನಮೂನೆ ಇನ್ನೂ ಬಂದಿಲ್ಲ, ಅದು ಅವರ ಜೊತೆಗೇ ಹೋಗುತ್ತದೆ. ಕರಾವಳಿಯ ನರ್ಸುಗಳು ಕೊಲ್ಲಿ ರಾಷ್ಟ್ರಗಳಿಗೆ, ಬ್ರಿಟನ್ನಿಗೆ ಹೋದಾಗಲೂ ಹೀಗೆಯೇ. ಇಲ್ಲಿಯ ದುಡ್ಡಿನಲ್ಲಿ ತಯಾರಾದವರು ಅಲ್ಲಿ ದುಡಿಯುತ್ತಾರೆ ಎಂದು ಕೊರಗುವವರಿದ್ದಾರೆ. ಧಾರೆ ಎರೆದ ಮೇಲೆ ನೀರು ಯಾವ ಕಡೆ ಹರಿಯಿತೆಂದು ನೋಡುತ್ತ ನಿಂತವರ ಕೊರಗು ಅದು. ವಿದ್ಯೆಯ ವಿಷಯದಲ್ಲಿ ಅದು ಅಷ್ಟು ಒಪ್ಪುವ ಕೊರಗಲ್ಲ. ಹಾಗೆಂದು ಕಾಪುವಿನ ಆರೋಗ್ಯ ಕೇಂದ್ರದಲ್ಲಿ ಖಾಲಿ ಕುರ್ಚಿಯ ಎದುರು ಕಾಯುವವರಿಗೆ ಈ ಜಿಜ್ಞಾಸೆ ಹೇಳಿ ಕಳಿಸುವ ಧೈರ್ಯವೂ ಯಾರಿಗೂ ಬಾರದು.

ಮಾರ್ಚ್ 31ಕ್ಕೆ ಪ್ರಾಜೆಕ್ಟು ಮುಗಿದ ಇಂಥ ಒಬ್ಬಾಕೆಯನ್ನು ಕಾರ್ಕಳ ಕಡೆಯ ಯಾವ ಬಸ್ ನಿಲ್ದಾಣದಲ್ಲೂ ಊಹಿಸಿಕೊಳ್ಳಬಹುದು. ಮೂರು ವರ್ಷ ನಡೆದ ಮನೆಗಳಲ್ಲಿ ಅವಳ ಮೊಬೈಲ್ ನಂಬರು ಗೋಡೆಯ ಕ್ಯಾಲೆಂಡರಿನ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿಟ್ಟಿದೆ. ಯು.ಸಿ. ದೆಹಲಿಗೆ ಹೋಗಿದೆ, ಉಳಿದ ಹಣ ಬಡ್ಡಿ ಸಮೇತ ವಾಪಸಾಗಿದೆ, ಕಡತ ಮುಚ್ಚಿದೆ. ಅವಳೀಗ ಬಟ್ಟೆ ಅಂಗಡಿಯೊಂದರ ಬಿಲ್ಲಿಂಗಿನಲ್ಲಿ ಕೂರುತ್ತಾಳೆ. ಆಟಿಯ ಮಳೆ ಹಿಡಿದಾಗ ಫೋನು ಬರುತ್ತದೆ. ‘ಅಕ್ಕ, ಇವರಿಗೆ ಮೂರು ದಿನದಿಂದ ಜ್ವರ, ಕಣ್ಣು ಹಳದಿ ಆಗಿದೆ. ನೀವು ಬರುತ್ತೀರಾ, ನಾವೇ ಬರುವುದಾ?’ ಅಂಗಡಿಯಲ್ಲಿ ಗಿರಾಕಿಗಳು ಕಾಯುತ್ತಿದ್ದಾರೆ. ಅವಳು ಫೋನನ್ನು ಹೆಗಲಿಗೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಕೇಳುತ್ತಾಳೆ: ‘ಗದ್ದೆಗೆ ಇಳಿದಿದ್ದರಾ?’